ಸಂತರು ಯಾರೂ ನಗಲ್ವಾ? ರೋಮಿನ ಫಿಲಿಪ್ ನೇರಿ ಬಗ್ಗೆ ಮಾತಾಡೋಣ

ಭಾನುವಾರದ ಟೀಚರ್

ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತೇನೆ. ಹೋದ ವಾರ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಗೋಡೆ ಮೇಲಿದ್ದ ಸಂತರ ಪಟಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು. ಕೊನೆಗೆ, "ಟೀಚರ್, ಇವರ್ಯಾರೂ ನಗೋದೇ ಇಲ್ವಾ?" ಅಂತ ಕೇಳಿದಳು. ಹೌದಲ್ಲ ಅನ್ನಿಸಿತು. ಒಬ್ಬರ ಮೈಗೆ ಬಾಣ ನಾಟಿತ್ತು. ಇನ್ನೊಬ್ಬರ ಕೈಯಲ್ಲಿ ತಲೆಬುರುಡೆ. ಮತ್ತೊಬ್ಬರ ಕಣ್ಣು ಆಕಾಶದ ಕಡೆ. ಆಗ ನನಗೆ ಥಟ್ಟನೆ ಹೊಳೆದ ಹೆಸರು ಫಿಲಿಪ್ ನೇರಿ.

ಅವರು ಹುಟ್ಟಿದ್ದು 1515ರಲ್ಲಿ, ಫ್ಲಾರೆನ್ಸ್‌ನಲ್ಲಿ. ಅಪ್ಪ ದಸ್ತಾವೇಜು ಬರೆಯುವ ಕೆಲಸದವರು. ಚಿಕ್ಕಂದಿನಲ್ಲೇ ಊರವರು ಈ ಹುಡುಗನನ್ನು "ಪಿಪ್ಪೊ ಬುವೊನೊ" ಅಂತ ಕರೆಯುತ್ತಿದ್ದರು, ಅಂದರೆ ಒಳ್ಳೆಯ ಪಿಪ್ಪೊ. ಹದಿನೆಂಟರ ವಯಸ್ಸಿಗೆ ಮನೆಯವರು ಅವರನ್ನು ಸ್ಯಾನ್ ಜೆರ್ಮಾನೊ ಎಂಬ ಊರಿನಲ್ಲಿದ್ದ ವ್ಯಾಪಾರಿ ಬಂಧುವಿನ ಹತ್ತಿರ ಕಳಿಸಿದರು. ಆಸ್ತಿಗೆ ವಾರಸುದಾರ ಆಗಬಹುದಿತ್ತು. ಅದನ್ನು ಬಿಟ್ಟು, ಕೈಯಲ್ಲಿ ಕಾಸಿಲ್ಲದೆ ರೋಮಿಗೆ ನಡೆದರು. ಅಲ್ಲಿ ಗಲೆಯೊಟ್ಟೊ ಕಾಚ್ಚಾ ಎಂಬ ಸುಂಕದ ಅಧಿಕಾರಿಯ ಮನೆಯಲ್ಲಿ ಒಂದು ಸಣ್ಣ ಕೋಣೆ ಸಿಕ್ಕಿತು. ಅವರ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳಿಕೊಡುವುದೇ ಬಾಡಿಗೆ. ಊಟಕ್ಕೆ ರೊಟ್ಟಿ, ನಾಲ್ಕು ಆಲಿವ್ ಕಾಯಿ, ನೀರು. ಕೋಣೆಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿ ಬಟ್ಟೆ ನೇತು ಹಾಕುತ್ತಿದ್ದರು. ನನಗೆ ಆ ಹಗ್ಗ ಬಹಳ ಇಷ್ಟ. ಬ್ಯಾಚುಲರ್ ಹುಡುಗರ ರೂಮಿನ ಹಾಗೇ ಇದೆ ಅಲ್ವಾ?

ಕೆಲವು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದರು. ಒಂದು ದಿನ ಪುಸ್ತಕಗಳನ್ನೆಲ್ಲ ಮಾರಿ ಬೀದಿಗೆ ಇಳಿದರು. ಬೀದಿಯಲ್ಲಿ, ಅಂಗಡಿಗಳ ಮುಂದೆ ಯುವಕರನ್ನು ಮಾತಾಡಿಸುತ್ತಾ ನಿಲ್ಲುತ್ತಿದ್ದರು. ಬೈಗುಳವಿಲ್ಲ, ಉಪದೇಶವಿಲ್ಲ. ಮೊದಲು ಹರಟೆ, ನಗು. ಆಮೇಲೆ "ಸರಿ, ಒಳ್ಳೆಯದನ್ನು ಯಾವಾಗ ಶುರು ಮಾಡೋಣ?" ಎನ್ನುವ ಧಾಟಿಯ ಒಂದು ಮಾತು. ರಾತ್ರಿ ಹೊತ್ತು ಊರಾಚೆ ಸಂತ ಸೆಬಾಸ್ಟಿಯನ್ನರ ನೆಲಮಾಳಿಗೆ ಸಮಾಧಿಗಳಲ್ಲಿ ಒಬ್ಬರೇ ಪ್ರಾರ್ಥನೆ. 1544ರ ಪಂಚಾಶತ್ತಮ ಹಬ್ಬದ (ಈಸ್ಟರ್ ಆಗಿ ಐವತ್ತನೇ ದಿನದ ಹಬ್ಬ) ಹೊತ್ತಿಗೆ ಅಲ್ಲೇ ಒಂದು ಬೆಂಕಿಯುಂಡೆ ಬಾಯಿಯ ಮೂಲಕ ಎದೆಗೆ ಇಳಿದಂತೆ ಅವರಿಗೆ ಅನುಭವವಾಯಿತು. ಅಲ್ಲಿಂದ ಸಾಯುವವರೆಗೂ ಅವರ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಚಳಿಗಾಲದಲ್ಲೂ ಸೆಖೆ ಅಂತ ಕಿಟಕಿ ತೆರೆದಿಡುತ್ತಿದ್ದರು.

ಪಾದ್ರಿಯಾಗಿದ್ದು ಬಹಳ ತಡವಾಗಿ, 1551ರಲ್ಲಿ, 35 ದಾಟಿದ ಮೇಲೆ. ಅದೂ ತಮ್ಮ ಗುರುಗಳು ಒತ್ತಾಯ ಮಾಡಿದ್ದರಿಂದ.

ಮಕ್ಕಳಿಗೆ ತುಂಬಾ ಹಿಡಿಸಿದ್ದು ಗಡ್ಡದ ಕಥೆ. ಫಿಲಿಪ್ ಎಂಥ ದೊಡ್ಡ ಸಂತರಪ್ಪಾ ಅಂತ ರೋಮಿನ ಜನ ಹೊಗಳಲು ಶುರು ಮಾಡಿದಾಗ, ಅವರು ಅರ್ಧ ಗಡ್ಡ ಬೋಳಿಸಿಕೊಂಡು, ಅರ್ಧ ಹಾಗೇ ಬಿಟ್ಟುಕೊಂಡು ಊರೊಳಗೆ ತಿರುಗಿದರು. ಇನ್ನೊಂದು ಕಥೆಯೂ ರೋಮಿನಲ್ಲಿ ಓಡಾಡುತ್ತದೆ. ಚಾಡಿ ಹೇಳುವ ಒಬ್ಬ ಹೆಂಗಸಿಗೆ ಅವರು ಕೊಟ್ಟ ಪ್ರಾಯಶ್ಚಿತ್ತ ಏನು ಗೊತ್ತಾ? ಕೋಳಿಯ ಪುಕ್ಕ ಕೀಳುತ್ತಾ ಬೀದಿ ಉದ್ದಕ್ಕೂ ನಡಿ ಅಂದರು. ಆಮೇಲೆ, ಹೋಗಿ ಅಷ್ಟನ್ನೂ ವಾಪಸ್ ಆರಿಸಿಕೊಂಡು ಬಾ ಅಂದರು.

ನನ್ನ ಪ್ರಶ್ನೆ ಇಷ್ಟೇ. ಇಂಥವರ ಕಥೆಯನ್ನು ನಾವು ಕನ್ನಡದಲ್ಲಿ ಯಾಕೆ ಇಷ್ಟು ಕಡಿಮೆ ಹೇಳುತ್ತೇವೆ? ನಿಮಗೆ ಗೊತ್ತಿರುವುದನ್ನು ಇಲ್ಲಿ ಬರೆಯಿರಿ. ಮುಂದಿನ ನಾಲ್ಕು ವಾರ ಇವರ ಬಗ್ಗೆಯೇ ಪಾಠ ಮಾಡಬೇಕು ಅಂದುಕೊಂಡಿದ್ದೇನೆ.

ಹಾಸನದ ಓದುಗ

ಟೀಚರ್, ನಾನು ಕ್ರೈಸ್ತನಲ್ಲ, ಆದರೂ ಆಸೆಯಿಂದ ಓದಿದೆ. ಒಂದು ಅನುಮಾನ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಫಿಲಿಪ್ ಅವರು ಶಿಷ್ಯರನ್ನೂ ಹೀಗೇ ನಗೆಪಾಟಲು ಮಾಡುತ್ತಿದ್ದರಂತೆ. ಯಾರಿಗೋ ದೊಡ್ಡ ಸೀಸೆ ಕೊಟ್ಟು, ಒಂದು ಗುಟುಕು ವೈನ್ ತಾ ಅಂತ ಅಂಗಡಿಗೆ ಕಳಿಸಿದ್ದನ್ನು ಓದಿದ್ದೇನೆ. ತಮ್ಮ ಗಡ್ಡ ತಾವು ಬೋಳಿಸಿಕೊಂಡರೆ ಸರಿ. ಬೇರೆಯವರ ಮರ್ಯಾದೆ ತೆಗೆಯುವುದು ಸಂತೋಷ ಹೇಗಾಗುತ್ತದೆ? ನನಗೆ ಚಿಕ್ಕಂದಿನಲ್ಲಿ ಇಡೀ ಕ್ಲಾಸಿನ ಎದುರು ನಗೆಪಾಟಲು ಮಾಡಿದ ಮೇಷ್ಟ್ರೊಬ್ಬರಿದ್ದರು. ಅವರ ಹೆಸರು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಭಾನುವಾರದ ಟೀಚರ್

ಬೇಜಾರು ಯಾಕೆ ಸರ್, ಕೇಳಲೇಬೇಕಾದ ಪ್ರಶ್ನೆ ಇದು.

ಆ ಸೀಸೆ ಹಿಡಿದು ಹೋದವರು ಚೆಸಾರೆ ಬರೋನಿಯೊ. ಓದಿದವರು, ವಕೀಲಿಕೆ ಕಲಿಯಲು ರೋಮಿಗೆ ಬಂದವರು, ತುಂಬಾ ಗಂಭೀರ ಮನುಷ್ಯ. ಪ್ರವಚನಕ್ಕೆ ನಿಂತರೆ ಸಾವು, ನರಕ, ಶಿಕ್ಷೆ ಬಿಟ್ಟು ಬೇರೆ ಮಾತಿಲ್ಲ. ಫಿಲಿಪ್ ಅವರಿಗೆ, "ಇನ್ನು ಮೇಲೆ ಅದು ಬೇಡ, ಚರ್ಚಿನ ಇತಿಹಾಸ ಹೇಳು" ಅಂದರು. ಬರೋನಿಯೊಗೆ ಒಂಚೂರೂ ಇಷ್ಟವಿರಲಿಲ್ಲ. ಆದರೂ ಒಪ್ಪಿಕೊಂಡರು. ಮೊದಲಿಂದ ಕೊನೆವರೆಗೆ ಹೇಳಿ ಮುಗಿಸುವುದು, ಮತ್ತೆ ಮೊದಲಿಂದ ಶುರು ಮಾಡುವುದು. ಸುಮಾರು ಮೂವತ್ತು ವರ್ಷ ಇದೇ ನಡೆಯಿತು. ಕೊನೆಗೆ ಅದೇ ಹನ್ನೆರಡು ಸಂಪುಟಗಳ ಚರ್ಚ್ ಇತಿಹಾಸವಾಯಿತು. ಮೊದಲ ಸಂಪುಟ ಬಂದದ್ದು 1588ರಲ್ಲಿ. ಇಂಥ ಪಂಡಿತರಿಗೆ ಅಡುಗೆಮನೆ ಪಾಳಿ ಮಾತ್ರ ತಪ್ಪಲಿಲ್ಲ. ಅವರು ಒಲೆಯ ಮೇಲಿನ ಗೋಡೆಯಲ್ಲಿ "ಬರೋನಿಯೊ, ಖಾಯಂ ಅಡುಗೆಯವ" ಅಂತ ಲ್ಯಾಟಿನ್‌ನಲ್ಲಿ ಬರೆದಿಟ್ಟರು. ಆಮೇಲೆ ಕಾರ್ಡಿನಲ್ ಆದವರು ಇವರೇ!

ಮನಸ್ಸು ಮುರಿದುಹೋದವನು ಒಲೆ ಮೇಲೆ ಹಾಗೆ ಬರೆಯುವುದಿಲ್ಲ ಅಂತ ನನ್ನ ನಂಬಿಕೆ. ನಿಮ್ಮ ಮೇಷ್ಟ್ರು ಬೇರೆಯವರನ್ನು ಕೆಳಗಿಳಿಸಿ ತಾವು ಮೇಲೆ ನಿಂತರು. ಫಿಲಿಪ್ ಮೊದಲು ತಾವೇ ಕೆಳಗೆ ಕೂತು, ಬಾ ಇಲ್ಲಿ ಕೂರು ಅಂದರು. ಆದರೂ ಒಂದು ಮಾತು ಒಪ್ಪುತ್ತೇನೆ. ಈ ಔಷಧ ಎಲ್ಲರ ಕೈಯಲ್ಲಿ ಕೊಡುವಂಥದ್ದಲ್ಲ. ಟೀಚರ್ ಆಗಿ ನಾನಂತೂ ಇದನ್ನು ಮಕ್ಕಳ ಮೇಲೆ ಯಾವತ್ತೂ ಪ್ರಯೋಗ ಮಾಡಲ್ಲ.

ರೋಮಿನ ನರ್ಸ್ ಅಕ್ಕ

ನಾನು ಮಂಗಳೂರು ಕಡೆಯವಳು. ಹದಿನಾಲ್ಕು ವರ್ಷದಿಂದ ರೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಫಿಲಿಪ್ ನೇರಿ ಇಲ್ಲಿಯವರಿಗೆ ಪುಸ್ತಕದ ಸಂತ ಅಲ್ಲ, ಓಣಿಯ ಅಜ್ಜ ಇದ್ದ ಹಾಗೆ. ಇಲ್ಲಿ "ಪಿಪ್ಪೊ ಬುವೊನೊ" ಅಂದರೆ ಇವತ್ತಿಗೂ ಗುರುತು ಹಿಡಿಯುತ್ತಾರೆ. ನಾನು ನೋಡಿಕೊಳ್ಳುವ ಅಜ್ಜಿ, ಮುಖ ಗಂಟು ಹಾಕಿದವರನ್ನು ಕಂಡರೆ ಫಿಲಿಪ್ಪರದ್ದು ಅಂತ ಒಂದು ಮಾತು ಹೇಳುತ್ತಾರೆ. ಅತಿಯಾದ ಅಳುಕು, ಕೊರಗು ಎರಡೂ ನನ್ನ ಮನೆಯಿಂದ ಆಚೆ ಹೋಗಲಿ ಅಂತ ಅದರರ್ಥ.

ಅವರ ಚರ್ಚು ಸಾಂತ ಮರಿಯಾ ಇನ್ ವಲ್ಲಿಚೆಲ್ಲಾ. ಜನ "ಹೊಸ ಚರ್ಚು" ಅಂತಲೇ ಕರೆಯುತ್ತಾರೆ, ಕಟ್ಟಿ ನಾನೂರು ವರ್ಷ ದಾಟಿದರೂ! 1575ರಲ್ಲಿ ಪೋಪ್ ಹದಿಮೂರನೇ ಗ್ರೆಗೊರಿ, ಒರೆಟರಿ ಎಂಬ ಫಿಲಿಪ್ಪರ ಪಾದ್ರಿಗಳ ಸಂಘಕ್ಕೆ ಒಪ್ಪಿಗೆ ಕೊಟ್ಟು ಆ ಜಾಗ ಕೊಟ್ಟರು. ಅಲ್ಲಿದ್ದ ಹಳೇ ಚರ್ಚು ಕೆಡವಿ ಹೊಸದು ಕಟ್ಟಿದರು. ಸಂಘದವರೆಲ್ಲ ಅಲ್ಲಿಗೆ ಹೋದರೂ ಫಿಲಿಪ್ ಮಾತ್ರ ಸ್ಯಾನ್ ಜಿರೋಲಮೊ ಚರ್ಚಿನ ತಮ್ಮ ಹಳೇ ಕೋಣೆ ಬಿಟ್ಟು ಬರಲು ಒಪ್ಪಲಿಲ್ಲ. 1583ರಲ್ಲಿ ಪೋಪರೇ ಹೇಳಿದ ಮೇಲೆ ಬಂದರು. ಬಂದರೂ ಬೆಕ್ಕು ಹಳೇ ಕೋಣೆಯಲ್ಲೇ ಉಳಿಯಿತು. ದಿನಾ ಯಾರಾದರೂ ಶಿಷ್ಯರು ಅದಕ್ಕೆ ಊಟ ಹಾಕಿ ಬರಬೇಕು. ಬಂದ ಮೇಲೆ, ಬೆಕ್ಕು ಹೇಗಿದೆ, ಏನು ತಿಂತು ಅಂತ ವಿಚಾರಿಸುತ್ತಿದ್ದರು.

ಅವರ ದೇಹ ಇರುವುದು ಆ ಚರ್ಚಿನ ಎಡಗಡೆಯ ಚಿಕ್ಕ ಪೀಠದ ಕೆಳಗೆ. ಕೆಲಸ ಮುಗಿಸಿ ಸಂಜೆ ಎಷ್ಟೋ ಸಲ ಅಲ್ಲಿ ಸುಮ್ನೆ ಕೂತು ಬಂದಿದ್ದೇನೆ. ಸತ್ತ ಮೇಲೆ ವೈದ್ಯರು ದೇಹ ಪರೀಕ್ಷೆ ಮಾಡಿದಾಗ ಎಡಗಡೆಯ ಎರಡು ಪಕ್ಕೆಲುಬು ಮುರಿದು ಕಮಾನಿನ ಹಾಗೆ ಹೊರಕ್ಕೆ ಬಾಗಿದ್ದವಂತೆ, ಹೃದಯಕ್ಕೆ ಜಾಗ ಬಿಟ್ಟು. ಟೀಚರ್ ಹೇಳಿದ ಬೆಂಕಿಯುಂಡೆ ಕಥೆಗೆ ಇದನ್ನು ಸೇರಿಸಿಕೊಳ್ಳಿ. ನರ್ಸಿಂಗ್ ಓದಿದವಳಾಗಿ ನನಗೆ ನಾಳೆ ಯಾರಾದರೂ ಬೇರೆ ಕಾರಣ ಹೇಳಿದರೂ ಆಶ್ಚರ್ಯವಿಲ್ಲ. ಆದರೆ ಆ ಎದೆ ಇಟ್ಟುಕೊಂಡು ಐವತ್ತು ವರ್ಷ ಅವರು ಓಡಾಡಿದ್ದು ಖರೆ.

ಅವರು ರೋಗಿಗಳ ಸೇವೆ ಮಾಡಿದ್ದನ್ನು ಇಲ್ಲಿ ಯಾರೂ ಬರೆದಿಲ್ಲ, ಅದನ್ನು ಬಿಡಬೇಡಿ. 1548ರಲ್ಲಿ, ಇನ್ನೂ ಪಾದ್ರಿ ಆಗುವ ಮೊದಲೇ, ಯಾತ್ರಿಕರನ್ನೂ ಆಸ್ಪತ್ರೆಯಿಂದ ಬಿಡುಗಡೆಯಾದ ನಿತ್ರಾಣಿಗಳನ್ನೂ ನೋಡಿಕೊಳ್ಳುವ ಒಂದು ಕೂಟ ಕಟ್ಟಿದರು. ಜ್ವರ ಬಿಟ್ಟಿದೆ ಅಂತ ಮನೆಗೆ ಕಳಿಸುತ್ತಾರೆ, ಆದರೆ ನಿಲ್ಲಲು ಶಕ್ತಿ ಇಲ್ಲ, ಮನೆಯೂ ಇಲ್ಲ. ಅಂಥವರನ್ನು ಕಂಡುಹಿಡಿದರಲ್ಲ, ಅದು ದೊಡ್ಡದು. ನಮ್ಮ ಕೆಲಸದಲ್ಲಿ ಇವತ್ತಿಗೂ ಕೈತಪ್ಪಿ ಹೋಗುವವರು ಅವರೇ. 1550ರ ಜೂಬಿಲಿ ವರ್ಷ ಸಾವಿರಾರು ಯಾತ್ರಿಕರು ರೋಮಿಗೆ ಬಂದಾಗ ಅವರ ಕಾಲು ತೊಳೆದು, ಊಟ ಬಡಿಸಿ, ಹಾಸಿಗೆ ಹಾಕಿಕೊಟ್ಟವರು ಈ ಕೂಟದವರು.

ತಂಬೂರಿ

ಧಾರವಾಡದಿಂದ ಬರೀತಾ ಇದ್ದೇನೆ. ನನ್ನದು ಸಂಗೀತದ ಕಡೆಯಿಂದ ಒಂದು ಮಾತು.

ಪಶ್ಚಿಮದ ಸಂಗೀತದಲ್ಲಿ "ಒರೆಟೋರಿಯೊ" ಅಂತ ಒಂದು ಪ್ರಕಾರ ಇದೆಯಲ್ಲ, ವೇಷ ಕಟ್ಟದೆ, ರಂಗಸಜ್ಜಿಕೆ ಇಲ್ಲದೆ ಹಾಡುವ ದೊಡ್ಡ ಕಥೆ, ಆ ಹೆಸರು ಬಂದದ್ದೇ ಫಿಲಿಪ್ಪರ ಪ್ರಾರ್ಥನಾ ಕೋಣೆಯಿಂದ. ಅವರ ಮಧ್ಯಾಹ್ನದ ಕೂಟ ಹೀಗೆ ನಡೆಯುತ್ತಿತ್ತು. ಯಾರೋ ಒಂದು ಭಾಗ ಓದುವುದು, ಅದರ ಮೇಲೆ ಒಬ್ಬರು ಮಾತಾಡುವುದು, ಇನ್ನೊಬ್ಬರು ಒಬ್ಬ ಸಂತರ ಜೀವನ ಹೇಳುವುದು, ನಡುನಡುವೆ ಹಾಡು. ಪಾದ್ರಿಗಳೇ ಮಾತಾಡಬೇಕು ಅಂತೇನೂ ಇರಲಿಲ್ಲ. ಹಾಡುಗಳೂ ಲ್ಯಾಟಿನ್‌ನಲ್ಲಿ ಅಲ್ಲ, ಬೀದಿಯ ಇಟಾಲಿಯನ್‌ನಲ್ಲಿ. ದೇವರ ಹಾಡು ಆಡುಮಾತಿಗೆ ಬಂದರೆ ಏನಾಗುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಡು ಕಟ್ಟಿಕೊಟ್ಟವರೂ ಸಾಮಾನ್ಯರಲ್ಲ. ಸಂತ ಪೇತ್ರರ ಮಹಾದೇವಾಲಯದ ಸಂಗೀತ ನಿರ್ದೇಶಕರಾಗಿದ್ದ ಜೊವಾನ್ನಿ ಅನಿಮುಚ್ಚಾ ಈ ಕೂಟಕ್ಕೆ ಅಂತಲೇ ಸರಳವಾದ ಭಜನೆಗಳನ್ನು ಬರೆದರು, 1563ರಲ್ಲಿ ಮೊದಲ ಸಂಗ್ರಹ ಅಚ್ಚಾಯಿತು. ಅಲ್ಲಿ ಮಹಾದೇವಾಲಯದಲ್ಲಿ ಜಟಿಲ ಸಂಗೀತ, ಇಲ್ಲಿ ಚಮ್ಮಾರನೂ ಗುಮಾಸ್ತನೂ ಒಟ್ಟಿಗೆ ಹಾಡುವಂಥದ್ದು. ಎರಡನ್ನೂ ಒಬ್ಬನೇ ಬರೆಯುವುದು ಎಷ್ಟು ಕಷ್ಟ ಅಂತ ಹಾಡುವವರಿಗೆ ಗೊತ್ತು. ಫಿಲಿಪ್ ತೀರಿಕೊಂಡ ಐದು ವರ್ಷಕ್ಕೆ, 1600ರಲ್ಲಿ, ಎಮಿಲಿಯೊ ದೆ ಕವಲಿಯೇರಿ ಅವರು ಆತ್ಮ ಮತ್ತು ದೇಹದ ಸಂವಾದವನ್ನು ಸಂಗೀತಕ್ಕೆ ಅಳವಡಿಸಿ ಪ್ರದರ್ಶನ ಮಾಡಿಸಿದ್ದು ಇದೇ ವಲ್ಲಿಚೆಲ್ಲಾದಲ್ಲಿ. ಮುಂದೆ ಸಂಗೀತಗಾರ ಹ್ಯಾಂಡೆಲ್ ಬರೆದ ಒರೆಟೋರಿಯೊಗಳೂ ಇದೇ ಬೇರಿನವು.

ನರ್ಸ್ ಅಕ್ಕ, ಫಿಲಿಪ್ ಜನರನ್ನು ಕರೆದುಕೊಂಡು ರೋಮಿನ ಏಳು ಚರ್ಚುಗಳಿಗೆ ಹೋಗುತ್ತಿದ್ದ ನಡಿಗೆಯಲ್ಲೂ ಸಂಗೀತ ಇರುತ್ತಿತ್ತಂತಲ್ಲ? ನೀವು ಹೋಗಿದ್ದೀರಾ?

ರೋಮಿನ ನರ್ಸ್ ಅಕ್ಕ

ಎರಡು ಸಲ ಹೋಗಿದ್ದೇನೆ ತಮ್ಮಾ. ಈಗ ಒರೆಟರಿಯವರು ಅದನ್ನು ರಾತ್ರಿ ನಡೆಸುತ್ತಾರೆ. ಸುಮಾರು 20 ಕಿಲೋಮೀಟರ್ ನಡಿಗೆ. ಸಂತ ಪೌಲರ ಚರ್ಚು ದಾಟಿ ಸಂತ ಸೆಬಾಸ್ಟಿಯನ್ನರ ಕಡೆ ಹೋಗುವಾಗ ಊರಿನ ಬೆಳಕು ಹಿಂದೆ ಉಳಿಯುತ್ತದೆ. ಮುಂದಿನವರ ಚಪ್ಪಲಿ ಸದ್ದು, ಜಪಸರದ ದನಿ ಅಷ್ಟೇ. ಎರಡನೇ ಸಲ ನನ್ನ ಪಕ್ಕ ಒಬ್ಬ ಕಾಲೇಜು ಹುಡುಗ ದಾರಿ ಉದ್ದಕ್ಕೂ ಅತ್ತ, ಯಾಕೆ ಅಂತ ಹೇಳಲಿಲ್ಲ. ಬೆಳಗಿನ ಜಾವ ಸಾಂತ ಮರಿಯಾ ಮಜ್ಜೋರೆ ಮುಂದೆ ನನ್ನ ಫ್ಲಾಸ್ಕಿನ ಚಹಾ ಕುಡಿದು, ನಕ್ಕು ಹೋದ.

ಫಿಲಿಪ್ಪರ ಕಾಲದಲ್ಲಿ ಈ ನಡಿಗೆ ಕಾರ್ನಿವಲ್ ದಿನಗಳಲ್ಲೇ ನಡೆಯುತ್ತಿತ್ತು. ಊರೆಲ್ಲ ಕುಡಿದು ಕುಣಿಯುವಾಗ, ನಿಮಗೆ ಹಬ್ಬ ಬೇಡ ಅಂತ ಅವರು ಹೇಳಲಿಲ್ಲ. ಇನ್ನೊಂದು ಹಬ್ಬ ಮಾಡಿಕೊಟ್ಟರು. ಮಧ್ಯೆ ಒಂದು ತೋಟದಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕೂತು ರೊಟ್ಟಿ, ಮೊಟ್ಟೆ, ಚೀಸ್ ತಿಂದು, ವೈನ್ ಕುಡಿದು, ಹಾಡು ಕೇಳುತ್ತಿದ್ದರು. ಗುಂಪು ದೊಡ್ಡದಾದಾಗ ಮೇಲಿನವರಿಗೆ ಅನುಮಾನ ಬಂತು. 1559ರಲ್ಲಿ ಒಬ್ಬ ಕಾರ್ಡಿನಲ್ ಅವರನ್ನು ಕರೆಸಿ ಗದರಿಸಿ, ಪಾಪನಿವೇದನೆ ಕೇಳುವುದನ್ನೂ ಕೆಲವು ದಿನ ನಿಲ್ಲಿಸಿದರು. ಫಿಲಿಪ್ ಎದುರು ಮಾತಾಡಲಿಲ್ಲ, ಕಾದರು. ಸ್ವಲ್ಪ ದಿನದಲ್ಲೇ ತಡೆ ತೆರವಾಯಿತು.

ಹಾಸನದ ಓದುಗ

ಇದೆಲ್ಲ ಓದಿದ ಮೇಲೆ ಮನುಷ್ಯ ಇಷ್ಟ ಆಗಿದ್ದಾರೆ. ಆದರೆ ಅವರು ತಪ್ಪೇ ಮಾಡಲಿಲ್ಲವಾ? ತಪ್ಪಿಲ್ಲದ ಸಂತರ ಕಥೆ ನನಗೆ ದೂರ ದೂರ ಅನ್ನಿಸುತ್ತದೆ.

ರೋಮಿನ ನರ್ಸ್ ಅಕ್ಕ

ಮಾಡಿದ್ದಾರೆ. ಅದೂ ನಮ್ಮ ನರ್ಸ್‌ಗಳ ಪಾಲಕ ಸಂತರ ವಿಷಯದಲ್ಲೇ. ಕಮಿಲಸ್ ದೆ ಲೆಲಿಸ್ ಮೊದಲು ಸೈನಿಕ, ಜೂಜುಕೋರ. ಆಮೇಲೆ ರೋಮಿನ ಸ್ಯಾನ್ ಜಾಕೊಮೊ ಆಸ್ಪತ್ರೆಯಲ್ಲಿ ಸೇವೆಗೆ ನಿಂತರು. ಅವರ ಪಾಪನಿವೇದನೆ ಕೇಳುತ್ತಿದ್ದವರು ಫಿಲಿಪ್ಪರೇ. ಕಮಿಲಸ್ ಆ ಆಸ್ಪತ್ರೆ ಬಿಟ್ಟು ರೋಗಿಗಳ ಸೇವೆಗೆ ಹೊಸ ಸಂಘ ಕಟ್ಟಲು ಹೊರಟಾಗ ಫಿಲಿಪ್ ಬೇಡವೇ ಬೇಡ ಅಂದರು. ಕಮಿಲಸ್ ಕೇಳಲಿಲ್ಲ. ಫಿಲಿಪ್ ಅವರ ಗುರುವಾಗಿರುವುದನ್ನೇ ಬಿಟ್ಟರು. ಎದೆಯ ಮೇಲೆ ಕೆಂಪು ಶಿಲುಬೆ ಹಾಕಿಕೊಳ್ಳುವ ಆ ಸಂಘ ಇವತ್ತು ಎಷ್ಟೋ ದೇಶಗಳಲ್ಲಿದೆ, ಬೆಂಗಳೂರಿನಲ್ಲೂ ಇದೆ. ಇಬ್ಬರೂ ಸಂತರಾದರು. ಈ ವಿಷಯದಲ್ಲಿ ಕಮಿಲಸ್ಸರೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಗಂಗೊಳ್ಳಿ ಗಾಳಿ

ಎಲ್ಲರೂ ರೋಮಿನಲ್ಲೇ ಇದ್ದೀರಿ, ಸ್ವಲ್ಪ ನಮ್ಮ ಕರಾವಳಿಗೂ ಬನ್ನಿ ಮಾರಾಯ್ರೆ.

1557ರ ಸುಮಾರಿಗೆ ಫಿಲಿಪ್ಪರ ಕೂಟದಲ್ಲಿ ಧರ್ಮಪ್ರಚಾರಕ ಫ್ರಾನ್ಸಿಸ್ ಕ್ಸೇವಿಯರ್ ಪೂರ್ವದೇಶದಿಂದ ಬರೆದ ಕಾಗದಗಳನ್ನು ಓದುತ್ತಿದ್ದರು. ಕೇಳಿ ಕೇಳಿ ಫಿಲಿಪ್ಪರಿಗೆ ತಾವೂ ಇಂಡಿಯಾಕ್ಕೆ ಹೊರಡಬೇಕು ಅನ್ನಿಸಿತು. ಜೊತೆಗೆ ಬರಲು ಸುಮಾರು ಇಪ್ಪತ್ತು ಜನ ತಯಾರಾದರು. ಹೊರಡುವ ಮೊದಲು ತ್ರೆ ಫೊಂತಾನೆ ಮಠದ ಒಬ್ಬ ಸನ್ಯಾಸಿಯನ್ನು ಕೇಳಿದರು. ಅವರು ಕಾಲಾವಕಾಶ ಕೇಳಿ, ಪ್ರಾರ್ಥನೆ ಮಾಡಿ, ನಿನ್ನ ಇಂಡಿಯಾ ರೋಮಿನಲ್ಲೇ ಇದೆ ಅಂದರು. ಅಷ್ಟೇ. ಫಿಲಿಪ್ ಆಮೇಲೆ ರೋಮ್ ಬಿಟ್ಟು ಹೋಗಲಿಲ್ಲ. 1595ರ ಮೇ 26ರಂದು ಅಲ್ಲೇ ತೀರಿಕೊಂಡರು.

ಅವರು ಬರಲಿಲ್ಲ, ಆದರೆ ಅವರ ಮನೆ ಬಂತು. 1681ರಲ್ಲಿ ಗೋವಾದ ಬೆನೌಲಿಮ್ ಊರಿನ ಯುವ ಪಾದ್ರಿ ಜೋಸೆಫ್ ವಾಜ್ ನಮ್ಮ ಕೆನರಾಕ್ಕೆ ಬಂದರು. ಮಂಗಳೂರು, ಬಸ್ರೂರು, ಗಂಗೊಳ್ಳಿ ಕಡೆಯೆಲ್ಲ ಕಾಲ್ನಡಿಗೆಯಲ್ಲಿ ತಿರುಗಿ, ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. 1684ರಲ್ಲಿ ಗೋವಾಕ್ಕೆ ಮರಳಿದರು. ಮಾರನೇ ವರ್ಷ ಹಳೇ ಗೋವಾದ ಗುಡ್ಡದ ಮೇಲೆ, ಪವಾಡದ ಶಿಲುಬೆಯ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೆಲವು ಗೋವಾ ಪಾದ್ರಿಗಳ ಗುಂಪಿಗೆ ಸೇರಿದರು. ಅವರು ಆರಿಸಿಕೊಂಡ ನಿಯಮ ಯಾವುದು? ಫಿಲಿಪ್ ನೇರಿಯವರ ಒರೆಟರಿಯದ್ದು.

ನಮ್ಮ ಬಸ್ರೂರಿನ ಇಗರ್ಜಿ ಇವತ್ತಿಗೂ ಸಂತ ಫಿಲಿಪ್ ನೇರಿ ಹೆಸರಲ್ಲೇ ಇದೆ. ಸಣ್ಣವನಿದ್ದಾಗ ಇದು ಯಾವ ಸಾಯ್ಬಾಂವ್ (ಕೊಂಕಣಿಯಲ್ಲಿ ಪೂಜ್ಯರು) ಅಂತ ಅಜ್ಜಿಯನ್ನು ಕೇಳಿದ್ದೆ. ನಗುವ ಪಾದ್ರಿ ಮಗಾ ಅಂದಿದ್ದರು.

ಹಾಸನದ ಓದುಗ

ಅಂದರೆ ರೋಮಿನಿಂದ ಯಾರೋ ಬಂದು ಗೋವಾದಲ್ಲಿ ಶಾಖೆ ತೆರೆದರಾ?

ಗಂಗೊಳ್ಳಿ ಗಾಳಿ

ಇಲ್ಲ ಸರ್, ವಿಶೇಷ ಇರುವುದೇ ಅಲ್ಲಿ. ರೋಮಿನಿಂದ ಯಾರೂ ಬರಲಿಲ್ಲ.

ಆ ಕಾಲದಲ್ಲಿ ಯುರೋಪಿನ ಸನ್ಯಾಸಿ ಸಂಘಗಳು ಗೋವಾದ ನಮ್ಮವರನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಪಾದ್ರಿ ಆಗಬಹುದು, ಆದರೆ ಸಂಘದ ಬಾಗಿಲು ಮುಚ್ಚಿತ್ತು. ಫಿಲಿಪ್ಪರ ಒರೆಟರಿ ಬೇರೆ ಥರ. ಅಲ್ಲಿ ಸನ್ಯಾಸದ ವ್ರತ ಇಲ್ಲ. ಪಾದ್ರಿಗಳು ಪ್ರೀತಿಯಿಂದ ಒಂದೇ ಮನೆಯಲ್ಲಿ ಬಾಳುವುದು, ಅಷ್ಟೇ. ಮೇಲೆ ಕೂತು ಆಳುವ ಕೇಂದ್ರ ಕಚೇರಿ ಇಲ್ಲ, ಪ್ರತಿ ಮನೆಯೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಫಿಲಿಪ್ ಬದುಕಿದ್ದಾಗ, ಇಷ್ಟು ಸಡಿಲವಾಗಿದ್ದರೆ ಇದು ಉಳಿಯುತ್ತದಾ ಅಂತ ಕೇಳಿದವರಿದ್ದರು. ಆ ಸಡಿಲವೇ ಇಲ್ಲಿ ಕೆಲಸಕ್ಕೆ ಬಂತು. ನಮ್ಮವರೇ ನಮ್ಮವರ ಮನೆ ಕಟ್ಟಿಕೊಂಡರು. ನಾನು ಫಿಲಿಪ್ಪರನ್ನು ಇಷ್ಟಪಡುವುದು ಅವರ ತಮಾಷೆಗಿಂತ ಜಾಸ್ತಿ ಇದಕ್ಕೆ. ತನ್ನನ್ನು ತಾನು ದೊಡ್ಡದಾಗಿ ಎಣಿಸದವನು ಕಟ್ಟಿದ ಮನೆಯಲ್ಲಿ ಬೇರೆಯವರಿಗೆ ಜಾಗ ಇರುತ್ತದೆ.

ಆ ಗೋವಾದ ಮನೆಯಿಂದಲೇ ವಾಜ್ 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಲೋನಿಗೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ಕಂಡರೆ ಹಿಡಿಯುತ್ತಿದ್ದ ಕಾಲ. ಕ್ಯಾಂಡಿಯಲ್ಲಿ ಗೂಢಚಾರ ಅಂತ ಸೆರೆಯಾದರು. ಆಮೇಲೆ ಅದೇ ಊರಿಗೆ ಸಿಡುಬು ಬಂದಾಗ, ಎಲ್ಲರೂ ಬಿಟ್ಟು ಓಡಿಹೋದ ರೋಗಿಗಳನ್ನು ನೋಡಿಕೊಂಡರು. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಗೋವಾದ ಒರೆಟರಿ ಮಾತ್ರ ಈಗಿಲ್ಲ. 1834ರಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಂಘಗಳನ್ನು ರದ್ದು ಮಾಡಿದ ಮೇಲೆ ಅದೂ ಮುಚ್ಚಿತು. ಗುಡ್ಡದ ಮೇಲೆ ಹಾಳು ಗೋಡೆಗಳಿವೆ.

ತಂಬೂರಿ

ಅಣ್ಣಾ, ಇದಕ್ಕೆ ಒಂದು ಸೇರಿಸುತ್ತೇನೆ. ಫಿಲಿಪ್ ನೇರಿ ಮತ್ತು ಫ್ರಾನ್ಸಿಸ್ ಕ್ಸೇವಿಯರ್ ಇಬ್ಬರನ್ನೂ ಸಂತರೆಂದು ಸಾರಿದ್ದು ಒಂದೇ ದಿನ, 1622ರ ಮಾರ್ಚ್ 12. ಜೊತೆಗೆ ಇಗ್ನೇಷಿಯಸ್ ಲೊಯೊಲಾ, ಆವಿಲಾದ ತೆರೇಸಾ, ರೈತ ಇಸಿದೋರ್. ಕಾಗದ ಬರೆದವರು, ಅದನ್ನು ಕೇಳಿ ಹೊರಡಲು ಹೊರಟು ಉಳಿದವರು, ಇಬ್ಬರ ಹೆಸರೂ ಒಟ್ಟಿಗೆ ಓದಿದರು. ಐವರಲ್ಲಿ ಫಿಲಿಪ್ ಒಬ್ಬರೇ ಇಟಲಿಯವರು.

ಭಾನುವಾರದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತಿನ ತರಗತಿಯಲ್ಲಿ ಬೆಕ್ಕಿನ ಕಥೆ, ಸಿಡುಬಿನ ಕಥೆ ಎರಡೂ ಹೇಳಿದೆ. ಪ್ರಶ್ನೆ ಕೇಳಿದ್ದಳಲ್ಲ, ಆ ಹುಡುಗಿ ಕ್ರೇಯಾನ್‌ನಲ್ಲಿ ಫಿಲಿಪ್ಪರ ಚಿತ್ರ ಬರೆದಿದ್ದಾಳೆ. ಕಾಲ ಹತ್ತಿರ ಬೆಕ್ಕು, ಬಾಯಿ ಕಿವಿವರೆಗೂ ನಗು. ಗಡ್ಡ ಬರೆಯುವಾಗ ಪೆನ್ಸಿಲ್ ಎತ್ತಿಕೊಂಡು, "ಟೀಚರ್, ಯಾವ ಕಡೆ ಬೋಳಿಸಿದ್ದು? ಬಲಗಡೆನಾ ಎಡಗಡೆನಾ?" ಅಂದಳು. ನಿನಗೆ ಇಷ್ಟ ಬಂದ ಕಡೆ ಬರಿ ಅಂದೆ. ಹೃದಯ ಇರುವ ಕಡೆ ಗಡ್ಡ ಇರಲಿ, ಚಳಿ ಆಗಬಾರದು ಅಂತ ಎಡಗಡೆಗೆ ಕಪ್ಪು ಬಣ್ಣ ತುಂಬಿದಳು. ಆ ಪಟವನ್ನು ಉಳಿದ ಸಂತರ ಸಾಲಿನಲ್ಲೇ ಅಂಟಿಸಿದ್ದೇನೆ.

ಗಂಗೊಳ್ಳಿ ಅಣ್ಣಾ, ಮೇ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಂಗಳೂರು ಕಡೆ ಬರುವ ಯೋಚನೆ ಇದೆ. ಮುಡಿಪು ಎಂಬ ಊರಿನಲ್ಲಿರುವ ವಾಜ್ ಅವರ ಪುಣ್ಯಕ್ಷೇತ್ರಕ್ಕೆ ಹೋಗಬಹುದಾ? 24 ಮಕ್ಕಳು, ನಾವು ನಾಲ್ಕು ಜನ ದೊಡ್ಡವರು.

ಗಂಗೊಳ್ಳಿ ಗಾಳಿ

ಖಂಡಿತ ಬನ್ನಿ ಟೀಚರ್. ಮಂಗಳೂರಿನಿಂದ ಸುಮಾರು 20 ಕಿಲೋಮೀಟರ್, ಬಸ್ ಮಾಡಿಕೊಂಡರೆ ಅನುಕೂಲ. ವಾಜ್ ಮಂಡಿಯೂರಿದ ಜಾಗದಲ್ಲಿ ಮೂರು ಸೆಲೆ ಚಿಮ್ಮಿದವು ಅಂತ ಜನರ ನಂಬಿಕೆ, ಮಕ್ಕಳಿಗೆ ಅದನ್ನು ತೋರಿಸಿ. ಗುಡ್ಡ ಹತ್ತಬೇಕು, ಮೇ ಬಿಸಿಲು ಜೋರು. ಬೆಳಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಊಟ ಮರದ ಕೆಳಗೆ ಎಲ್ಲರೂ ನೆಲದ ಮೇಲೆ ಕೂತು ಮಾಡೋಣ, ಮೊಟ್ಟೆ ಮತ್ತೆ ಪಾವ್ ನಾನು ತರುತ್ತೇನೆ. ಹಾಡುವವರು ಯಾರಾದರೂ ಜೊತೆಗೆ ಬರಲಿ.

ತಂಬೂರಿ

ಧಾರವಾಡದಿಂದ ರಾತ್ರಿ ಬಸ್ ಇದೆ. ತಾರೀಖು ಹೇಳಿ ಟೀಚರ್.